ತಂತಿ ಹೋಗುವ ದಾರಿ

ಪೀಣ್ಯದ ಹಳೆಯ ಫ್ಯಾಬ್ರಿಕೇಷನ್ ಶೆಡ್ಡುಗಳ ಗೋಡೆ ನೋಡಿ. ಮೊಳೆಗಳಿಗೆ ನಾಲ್ಕೈದು ಟಾರ್ಚುಗಳು ಜೋತುಬಿದ್ದಿರುತ್ತವೆ. ಕತ್ತಲಲ್ಲಿ ಹಿಡಿಯುವ ಟಾರ್ಚಲ್ಲ. ವೆಲ್ಡರುಗಳ ಬಾಯಲ್ಲಿ ಟಾರ್ಚ್ ಎಂದರೆ ಸಿಓಟು ವೆಲ್ಡಿಂಗಿನ ಗನ್ನು. ಕೊಕ್ಕರೆಯ ಕತ್ತಿನಂತೆ ಬಾಗಿದ ಮೂತಿ, ಬೆರಳಿಗೆ ಸಿಗುವ ಸ್ವಿಚ್ಚು, ಹಿಂದೆ ಮೂರು ಮೀಟರ್ ಕಪ್ಪು ಕೇಬಲ್ಲು, ಅದರ ತುದಿಗೆ ಹಿತ್ತಾಳೆಯ ಬಾಲ. ನೇತಾಡುವ ಎಲ್ಲವೂ ಸುಟ್ಟುಹೋದವಲ್ಲ. ಒಂದೆರಡು ಹೊಸವೇ ಇರುತ್ತವೆ: ದುಡ್ಡು ಕೊಟ್ಟು ತಂದು, ಫೀಡರಿಗೆ ಕೂರಲಿಲ್ಲವೆಂದು ಅವತ್ತೇ ಮೊಳೆ ಸೇರಿದವು.

ಇಂಥದೊಂದು ಶೆಡ್ಡಿಗೆ ನಾನು ಲೆಕ್ಕ ಬರೆಯಲು ಸೇರಿ, ಆಮೇಲೆ ಖರೀದಿಯನ್ನೂ ಹೊತ್ತುಕೊಂಡವನು. ಅಲ್ಲಿನ ಮೊಳೆಗೆ ಹೋದ ಟಾರ್ಚುಗಳಲ್ಲಿ ಎರಡು ನನ್ನ ಖಾತೆಯವು.

ರಾಡ್ ವೆಲ್ಡಿಂಗ್ ಎಲ್ಲರೂ ಕಂಡದ್ದೇ. ಗೇಟು-ಗ್ರಿಲ್ಲು ಮಾಡುವವರು ಹೋಲ್ಡರಿಗೆ ರಾಡ್ ಸಿಕ್ಕಿಸುತ್ತಾರೆ, ಕರಗಿದ ಮೇಲೆ ಮೋಟು ತುಂಡು ಎಸೆದು ಇನ್ನೊಂದು ಸಿಕ್ಕಿಸುತ್ತಾರೆ. ಸಿಓಟು ವೆಲ್ಡಿಂಗಿನಲ್ಲಿ ಆ ನಿಲುಗಡೆ ಇಲ್ಲ. ತಾಮ್ರ ಲೇಪಿಸಿದ ಉಕ್ಕಿನ ತಂತಿ ಸುರುಳಿಯಿಂದ ಬಿಚ್ಚಿಕೊಂಡು ಬರುತ್ತಲೇ ಇರುತ್ತದೆ. ಅದನ್ನು ಹಿಂದಿನಿಂದ ತಳ್ಳುವ ಪೆಟ್ಟಿಗೆಯೇ ವೈರ್ ಫೀಡರ್. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಶೋಧನಾ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡಾಗ ಬೆಸುಗೆಗೆ ಗಾಳಿ ತಾಗದಂತೆ ಕಾಯುತ್ತಿದ್ದದ್ದು ದುಬಾರಿಯ ಜಡ ಅನಿಲ. 1953ರಲ್ಲಿ ಸೋವಿಯತ್ ತಂತ್ರಜ್ಞರು ಅಗ್ಗದ ಇಂಗಾಲದ ಡೈಆಕ್ಸೈಡಿನಲ್ಲೂ ಇದು ನಡೆಯುತ್ತದೆಂದು ತೋರಿಸಿದ ಮೇಲೆ ಉಕ್ಕಿನ ಕೆಲಸಕ್ಕೆಲ್ಲ ಇದು ಹಬ್ಬಿತು. ನಮ್ಮವರು ಇಡೀ ವಿಧಾನವನ್ನೇ ‘ಸಿಓಟು’ ಎಂದು ಕರೆಯುವುದು ಆ ಅನಿಲದಿಂದ.

ಶೆಡ್ಡಿನೊಳಗೆ ಕರೆಂಟು ಕೊಡುವ ಯಂತ್ರವೂ ಫೀಡರೂ ಒಂದರ ಮೇಲೊಂದು ಕೂತಿರುತ್ತವೆ, ತೊಂದರೆಯಿಲ್ಲ. ಕೆಲಸ ಹೊರಗಿದ್ದರೆ? ಹಡಗಿನ ತಳದ ಟ್ಯಾಂಕಿಗೆ ಇಳಿಯುವ ಅಂಡಾಕಾರದ ಮ್ಯಾನ್‌ಹೋಲು ಸಾಮಾನ್ಯವಾಗಿ 400 × 600 ಮಿ.ಮೀ. ಮನುಷ್ಯನೇ ಭುಜ ಓರೆ ಮಾಡಿ ಇಳಿಯಬೇಕು. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಂತೆ ಟಗ್ ಕಟ್ಟುವ ಕಡೆಯಾಗಲಿ, ಸಕ್ಕರೆ ಕಾರ್ಖಾನೆಯ ರಸದ ಟ್ಯಾಂಕಿಗಾಗಲಿ ದೊಡ್ಡ ಯಂತ್ರವನ್ನು ಇಳಿಸಲಾಗದು. ಅದಕ್ಕೇ ಕೈಯಲ್ಲಿ ಹಿಡಿದು ಒಯ್ಯುವ ಫೀಡರ್ ಹುಟ್ಟಿದ್ದು. ನೋಡಲು ಸೂಟ್‌ಕೇಸೇ, 5 ಕಿಲೋ ತಂತಿಯ ಸುರುಳಿಯೋ, ಪೆಟ್ಟಿಗೆ ದೊಡ್ಡದಿದ್ದರೆ 15 ಕಿಲೋದ್ದೋ ಹೊಟ್ಟೆಯಲ್ಲಿ ಹಿಡಿಯುತ್ತದೆ. ಯಂತ್ರ ನೆಲದ ಮೇಲೆ, ಪೆಟ್ಟಿಗೆ ವೆಲ್ಡರಿನ ಕಾಲ ಬುಡದಲ್ಲಿ.

ಈ ಪೆಟ್ಟಿಗೆಗೆ ಟಾರ್ಚ್ ಕೊಳ್ಳಲು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದರೆ ಅಂಗಡಿಯವರ ಮೊದಲ ಪ್ರಶ್ನೆ ಒಂದೇ: “ಯೂರೋನಾ ಸಾರ್, ಪ್ಯಾನಾಸೋನಿಕ್ಕಾ?” ಕೇಳುತ್ತಿರುವುದು ಬಾಲದ ಬಗ್ಗೆ. ಯೂರೋ ಬಾಲದಲ್ಲಿ ತಂತಿ, ಕರೆಂಟು, ಗ್ಯಾಸು, ಸ್ವಿಚ್ಚಿನ ಎರಡು ಸಣ್ಣ ಪಿನ್ನು ಎಲ್ಲವೂ ಒಂದೇ ಮುಖದಲ್ಲಿ. ಚುಚ್ಚಿ, ದೊಡ್ಡ ನಟ್ಟನ್ನು ಕೈಯಲ್ಲೇ ತಿರುಗಿಸಿದರೆ ಮುಗಿಯಿತು. ಪ್ಯಾನಾಸೋನಿಕ್ ಮಾದರಿಯಲ್ಲಿ ಗ್ಯಾಸಿನ ಪೈಪು ಬೇರೆ, ಸ್ವಿಚ್ಚಿನ ಪ್ಲಗ್ಗು ಬೇರೆ. ಅಮೆರಿಕದಿಂದ ಬಂದ ಹಳೇ ಫೀಡರಾದರೆ ಟ್ವೆಕೊ, ಮಿಲ್ಲರ್, ಲಿಂಕನ್ ಎಂದು ಮನೆಗೊಂದು ಪದ್ಧತಿ. ನಡುವೆ ಹಾಕಲು ಅಡಾಪ್ಟರ್ ಸಿಗುತ್ತದೆ, ನಿಜ. ಆದರೆ ಅದು ತಂತಿಯ ದಾರಿಯಲ್ಲಿ ಇನ್ನೊಂದು ಸಂದು, ಗ್ಯಾಸು ಸೋರಲು ಇನ್ನೊಂದು ಜಾಗ. ಅಡಾಪ್ಟರ್ ಹಾಕುವ ಬದಲು ಸರಿಯಾದ ಬಾಲದ ಟಾರ್ಚನ್ನೇ ಕೊಳ್ಳಿ ಎನ್ನುವ ಪೈಕಿ ನಾನು. ನನ್ನ ಮೊದಲ ತಪ್ಪು ಅಡಾಪ್ಟರಿನದೇ.

ಎರಡನೆಯದರಿಂದ ಕಲಿತದ್ದು ಹೆಚ್ಚು. ಮಂಡ್ಯದ ಕಡೆ ಟ್ಯಾಂಕ್ ರಿಪೇರಿಯ ಕೆಲಸ ಬಂದಿತ್ತು. ಯೂರೋ ಫೀಡರು, ಯೂರೋ ಟಾರ್ಚು, 1.2 ಮಿ.ಮೀ. ತಂತಿ. ಶೆಡ್ಡಿನಲ್ಲಿ ಹಚ್ಚಿ ನೋಡಿದೆವು, ಬೆಣ್ಣೆಯಂತೆ ಓಡಿತು. ಅಲ್ಲಿ ಟ್ಯಾಂಕಿನೊಳಗೆ ಎರಡು ನಿಮಿಷ ನಡೆಯುವುದು, ತಂತಿ ತಡೆಯುವುದು, ಫೀಡರಿನ ಮುಚ್ಚಳ ತೆಗೆದರೆ ತಂತಿ ತಳ್ಳುವ ರೋಲರಿನ ಮುಂದೆ ತಂತಿಯೆಲ್ಲ ಗುಬ್ಬಿಗೂಡಿನಂತೆ ಸುತ್ತಿಕೊಂಡಿರುವುದು. ಕತ್ತರಿಸಿ ಎಸೆ, ಮತ್ತೆ ಪೋಣಿಸು. ನಾನು ಮೋಟಾರಿಗೆ ಬೈದೆ. ರೋಲರಿನ ಒತ್ತಡ ಬಿಗಿ ಮಾಡಿಸಿದೆ. ಗೂಡು ಇನ್ನೂ ದೊಡ್ಡದಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹಿರಿಯ ವೆಲ್ಡರು ಟಾರ್ಚಿನ ಬಾಲದ ನಟ್ ಬಿಚ್ಚಿ ಒಳಗಿನ ಲೈನರ್ ಎಳೆದು ನನ್ನ ಮುಂದೆ ಹಿಡಿದರು. “ನೋಡಿ ಸಾರ್, ಬಾಲ ಕೂತಿದೆ. ಒಳಗಿರೋದು ನೀಲಿ.”

ಲೈನರ್ ಎಂದರೆ ಕೇಬಲ್ಲಿನ ಉದ್ದಕ್ಕೂ ಹೋಗುವ ಸ್ಪ್ರಿಂಗಿನಂಥ ಉಕ್ಕಿನ ಕೊಳವೆ. ತಂತಿ ಹೋಗುವ ದಾರಿ ಅದು. ಯೂರೋ ಟಾರ್ಚುಗಳಲ್ಲಿ ಅದರ ಹೊದಿಕೆಗೆ ಬಣ್ಣದ ಲೆಕ್ಕವಿದೆ: 0.8ರ ಆಸುಪಾಸಿಗೆ ನೀಲಿ, 1.0 ಮತ್ತು 1.2ಕ್ಕೆ ಕೆಂಪು, 1.6ಕ್ಕೆ ಹಳದಿ. ನೀಲಿಯೊಳಗೆ 1.2 ತೂರುವುದೇ ಇಲ್ಲ ಅಂತಲ್ಲ. ಶೆಡ್ಡಿನಲ್ಲಿ ಕೇಬಲ್ಲು ನೆಟ್ಟಗಿದ್ದಾಗ ತೂರಿತ್ತು. ಟ್ಯಾಂಕಿನ ಮೂಲೆಯಲ್ಲಿ ಕೇಬಲ್ಲು ಬಾಗಿತು, ಬಾಗಿದಲ್ಲಿ ತಂತಿ ಕಚ್ಚಿಕೊಂಡಿತು. ಮುಂದೆ ದಾರಿಯಿಲ್ಲ, ಹಿಂದಿನಿಂದ ಮೋಟಾರು ತಳ್ಳುತ್ತಲೇ ಇದೆ. ಗೂಡು ಕಟ್ಟದೆ ಇನ್ನೇನು? ಹಾಗೆಂದು ದೊಡ್ಡ ಲೈನರೇ ಕ್ಷೇಮ ಎನ್ನುವಂತಿಲ್ಲ. ಹಳದಿಯೊಳಗೆ 0.8ರ ತಂತಿ ಹಾವಿನಂತೆ ಹೊರಳಾಡುತ್ತದೆ, ಮೂತಿಯ ತುದಿಯ ಟಿಪ್ಪಿಗೆ ಒಂದೇ ಸಮನೆ ಬರುವುದಿಲ್ಲ. ಲೈನರನ್ನು ಒಂದಿಷ್ಟು ಗಿಡ್ಡ ಕತ್ತರಿಸಿದರೂ ಅದೇ ಪಾಡು. ಅಲ್ಯೂಮಿನಿಯಂ ತಂತಿಯ ಕಥೆ ಬೇರೆ: ಮೆತ್ತಗಿನ ಲೋಹ, ಉಕ್ಕಿನ ಲೈನರು ಅದನ್ನು ತುರಿದುಬಿಡುತ್ತದೆ. ಅದಕ್ಕೆ ಟೆಫ್ಲಾನ್ ಲೈನರು, ಯು ಆಕಾರದ ತೋಡಿನ ರೋಲರು ಬೇಕು.

ಟಿಪ್ಪಿನಲ್ಲೂ ಹುಷಾರು. ಇಲ್ಲಿ ಹೆಚ್ಚು ಓಡುವ ಜರ್ಮನ್ ಮಾದರಿಗಳಲ್ಲಿ 15ರ ಟಾರ್ಚಿಗೆ 25 ಮಿ.ಮೀ. ಉದ್ದದ ಟಿಪ್ಪು, 25ರ ಟಾರ್ಚಿಗೆ 28 ಮಿ.ಮೀ. ಉದ್ದದ ಟಿಪ್ಪು. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ಹುಡುಗನನ್ನು ಅಂಗಡಿಗೆ ಕಳಿಸಿದರೆ ಏನು ಬರುತ್ತದೆಂದು ದೇವರಿಗೇ ಗೊತ್ತು. ಹಳೇ ಟಿಪ್ಪನ್ನೇ ಜೇಬಿನಲ್ಲಿ ಹಾಕಿ ಕಳಿಸುವುದು ವಾಸಿ.

ಆಂಪಿಯರ್ ಲೆಕ್ಕಕ್ಕೆ ಬಂದರೆ, ಟಾರ್ಚಿನ ಮೇಲೆ ಬರೆದ ಅಂಕಿಯನ್ನು ಒಂಟಿಯಾಗಿ ಓದಬಾರದು. ಆ 25ರ ಟಾರ್ಚು ಸಿಓಟುವಿನಲ್ಲಿ 230 ಆಂಪಿಯರ್, ಆರ್ಗಾನ್ ಮಿಶ್ರಣದಲ್ಲಿ 200, ಅದೂ ಶೇ 60ಕ್ಕೆ. ಶೇ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ಆರಲು ಬಿಡುವುದು. ಮಿಶ್ರಣದಲ್ಲಿ ಆರ್ಕಿನ ಕಾವು ಮೂತಿಗೆ ಹೆಚ್ಚು ತಿರುಗಿ ಬಡಿಯುವುದರಿಂದ ಅಂಕಿ ಇಳಿಯುತ್ತದೆ. ಕೆಲವರು ಶೇ 35ರ ಅಂಕಿಯನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಪಕ್ಕದ ಸಣ್ಣಕ್ಷರ ಓದದೆ ದುಡ್ಡು ಎಣಿಸಬೇಡಿ. ಹಾಗಾದರೆ ದೊಡ್ಡದನ್ನೇ ತಂದರಾಯಿತಲ್ಲ ಎಂದು ನಾನೂ ಒಮ್ಮೆ ವಾದಿಸಿದ್ದೆ. ಟ್ಯಾಂಕಿನೊಳಗೆ ಮಂಡಿಯೂರಿ ತಲೆಯ ಮೇಲಿನ ಜಾಯಿಂಟು ಹೊಡೆಯುವವರ ಮಣಿಕಟ್ಟನ್ನು ಕೇಳಬೇಕು ಅದನ್ನು. ಕೇಬಲ್ಲಿನ ಉದ್ದದ ವಿಷಯದಲ್ಲೂ ಇದೇ ಮಾತು. ಪೆಟ್ಟಿಗೆಯೇ ಕೆಲಸದ ಹತ್ತಿರ ಬರುವಾಗ ಮೂರು ಮೀಟರ್ ಸಾಕು. ಐದು ಮೀಟರಿನದು ತಂತಿಗೂ ಭಾರ, ಕೈಗೂ ಭಾರ.

ಗಾಳಿ ಬೀಸುವ ಬಯಲಿನಲ್ಲಿ ಗ್ಯಾಸೇ ಹಾರಿಹೋಗುವುದರಿಂದ, ಒಳಗೆ ಪುಡಿ ತುಂಬಿದ ಗ್ಯಾಸಿಲ್ಲದ ತಂತಿ ಬಳಸುತ್ತಾರೆ. ಅದರ ಟಾರ್ಚಿಗೆ ಗ್ಯಾಸ್ ನಾಜಲ್ಲೇ ಬೇಡ, ಫೀಡರಿಗೆ ಗರಗಸದ ಹಲ್ಲಿನಂಥ ರೋಲರು ಬೇಕು.

ಇನ್ನೊಂದು ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಕೆಲವು ಆರ್ಕಿನ ವೋಲ್ಟೇಜಿನಿಂದಲೇ ಓಡುತ್ತವೆ. ಬೇರೆ ಕಂಟ್ರೋಲ್ ಕೇಬಲ್ ಇಲ್ಲ, ಒಂದು ಕ್ಲಿಪ್ಪನ್ನು ತಗಡಿಗೆ ಕಚ್ಚಿಸಿದರೆ ಸಾಕು, ರಾಡ್ ವೆಲ್ಡಿಂಗಿನ ಡಿಸಿ ಯಂತ್ರಕ್ಕೂ ಹೊಂದುತ್ತವೆ. ಅನುಕೂಲವೇ. ಆದರೆ ಅಂಥ ಪೆಟ್ಟಿಗೆಯೊಳಗೆ ಕರೆಂಟು ತಡೆಯುವ ಕಾಂಟ್ಯಾಕ್ಟರ್ ಇರದಿದ್ದರೆ ಸ್ವಿಚ್ ಒತ್ತದಿದ್ದರೂ ಟಾರ್ಚಿನ ತುದಿಯ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಟಾರ್ಚನ್ನು ಕಬ್ಬಿಣದ ಮೇಲೆ ಒರಗಿಸಿ ಚಹಾಕ್ಕೆ ಹೋದರೆ ಅಲ್ಲೇ ಕಿಡಿ ಹಾರುತ್ತದೆ. ಬೆವರು ಸುರಿಯುವ ಟ್ಯಾಂಕಿನೊಳಗೆ ಇದು ತಮಾಷೆಯಲ್ಲ.

ಆ ಮಂಡ್ಯದ ಕೆಲಸ ಮುಗಿದು ಬಂದ ಮೇಲೆ ಹಿರಿಯ ವೆಲ್ಡರು ಶೆಡ್ಡಿನ ಟಾರ್ಚುಗಳನ್ನೆಲ್ಲ ಇಳಿಸಿ, ಒಂದೊಂದರ ಬಾಲ ಬಿಚ್ಚಿ ನೋಡಿ, ಒಳಗಿನ ಲೈನರಿನ ಬಣ್ಣದ್ದೇ ಇನ್ಸುಲೇಷನ್ ಟೇಪನ್ನು ಹೊರಗೆ ಸುತ್ತಿಟ್ಟರು. ನಾನು ತಂದದ್ದಕ್ಕೆ ಕೆಂಪು ಲೈನರ್ ಪೋಣಿಸಿ ಕೆಂಪು ಟೇಪು ಸುತ್ತಿದರು; ಅದು ಮತ್ತೆ ಕೆಲಸಕ್ಕೆ ಹತ್ತಿತು. ಅಡಾಪ್ಟರಿನದು ಮಾತ್ರ ಮೊಳೆಯಲ್ಲೇ ಉಳಿಯಿತು.