ಶುಶ್ರೂಷೆಯ ಮೆಟ್ಟಲುಗಳು

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು. ಪರಿಚಾರಕನಿಗೆ ಇರಬೇಕಾದ ಗುಣಗಳನ್ನೂ ಆ ಗ್ರಂಥವು ಎಣಿಸಿದೆ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಇವುಗಳಲ್ಲಿ ಮೊದಲನೆಯ ಸ್ಥಾನವು ಜ್ಞಾನಕ್ಕೆ ಸಂದಿದೆಯೆಂಬುದನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನಮ್ಮ ಜನರಾದರೋ ಇಂದಿಗೂ ದಾದಿಯನ್ನು ದಯೆಯ ಮೂರ್ತಿಯೆಂದು ಹೊಗಳುವರೇ ಹೊರತು, ಆಕೆಯು ಶಾಸ್ತ್ರವನ್ನು ಕಲಿತ ವೃತ್ತಿನಿಪುಣೆಯೆಂಬುದನ್ನು ಮರೆಯುತ್ತಾರೆ. 2020ನೆಯ ಇಸವಿಯ ಮಾರ್ಚ್ 22ರ ಸಂಜೆ ದೇಶವೆಲ್ಲವೂ ಬಾಗಿಲಲ್ಲಿ ನಿಂತು ತಟ್ಟೆ ಬಡಿದು ಆಕೆಗೆ ಗೌರವವನ್ನು ಸಲ್ಲಿಸಿತು. ಆ ಸದ್ದು ಅಡಗಿ ವರ್ಷಗಳಾದವು. ಆಸ್ಪತ್ರೆಯಲ್ಲಿ ಆಕೆಯ ಅನುಭವಕ್ಕೆ ಸಲ್ಲುವ ಬೆಲೆಯು ಏರಿತೇ ಎಂದು ಕೇಳುವವರು ವಿರಳ.

ಅನುಭವವೆಂದರೆ ಬರಿಯ ವಯಸ್ಸಲ್ಲ. ಶುಶ್ರೂಷೆಯಲ್ಲಿ ಅದು ಹೇಗೆ ಬೆಳೆಯುತ್ತದೆಂಬುದನ್ನು ಅಮೇರಿಕೆಯ ಪೆಟ್ರೀಷಿಯಾ ಬೆನ್ನರ್ ಎಂಬ ವಿದುಷಿಯು 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಚದುರಂಗದ ಆಟಗಾರರೂ ವಿಮಾನ ಚಾಲಕರೂ ನೈಪುಣ್ಯವನ್ನು ಪಡೆಯುವ ಬಗೆಯನ್ನು ಡ್ರೈಫಸ್ ಸೋದರರು ಪರಿಶೀಲಿಸಿದ್ದರು. ಬೆನ್ನರರು ಆ ವಿಚಾರವನ್ನು ರೋಗಿಯ ಮಂಚದ ಬಳಿಗೆ ತಂದು, ದಾದಿಯರನ್ನೇ ಕಂಡು ಕೇಳಿ, ಐದು ಮೆಟ್ಟಲುಗಳನ್ನು ಗುರುತಿಸಿದರು. ನವಶಿಷ್ಯೆ, ಮುಂದುವರಿದ ಅಭ್ಯಾಸಿ, ಸಮರ್ಥೆ, ಪ್ರವೀಣೆ, ಪರಿಣತೆ ಎಂದು ಅವುಗಳನ್ನು ಕನ್ನಡದಲ್ಲಿ ಕರೆಯಬಹುದು.

ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ಹೊಟ್ಟೆಯ ಶಸ್ತ್ರಕ್ರಿಯೆಯಾದ ರೋಗಿಯೊಬ್ಬನು ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಾಸಿಗೆಯಲ್ಲಿ ಹೊರಳುತ್ತಿದ್ದಾನೆಂದು ಭಾವಿಸೋಣ. ನವಶಿಷ್ಯೆಯು ತನಗೆ ಕಲಿಸಿದ ನಿಯಮದಂತೆ ನಾಡಿ, ಉಸಿರು, ರಕ್ತದೊತ್ತಡಗಳನ್ನು ಅಳೆದು ಪಟ್ಟಿಯಲ್ಲಿ ಬರೆಯುತ್ತಾಳೆ; ಅಂಕಿಗಳು ಮಿತಿಯೊಳಗಿದ್ದರೆ ಆಕೆಗೆ ಸಮಾಧಾನ. ಎರಡನೆಯ ಮೆಟ್ಟಲಿನವಳು ಇಂಥ ಕೆಲವು ರೋಗಿಗಳನ್ನು ಕಂಡಿರುವುದರಿಂದ ಕೆಲವು ಲಕ್ಷಣಗಳನ್ನು ಗುರುತಿಸಬಲ್ಲಳು. ಆದರೆ ಯಾವುದು ಮುಖ್ಯ, ಯಾವುದು ಗೌಣ ಎಂಬ ವಿವೇಚನೆಯಲ್ಲಿ ತಡವರಿಸುತ್ತಾಳೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಸಮರ್ಥೆಯು ಮುಂದಾಗುವುದನ್ನು ಯೋಚಿಸಿ ಕೆಲಸವನ್ನು ಹೊಂದಿಸಿಕೊಳ್ಳುತ್ತಾಳೆ. ಪ್ರವೀಣೆಯು ರೋಗಿಯ ಸ್ಥಿತಿಯನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ಕಾಣುತ್ತಾಳೆ. ಪರಿಣತೆಯಾದರೋ ಬಾಗಿಲಲ್ಲಿ ನಿಂತೇ ರೋಗಿಯ ಮುಖದ ಬಣ್ಣವನ್ನೂ ಅವನ ಚಡಪಡಿಕೆಯ ರೀತಿಯನ್ನೂ ಕಂಡು, ಒಳಗೆ ರಕ್ತಸ್ರಾವವಾಗುತ್ತಿರಬಹುದೆಂದು ಶಂಕಿಸಿ, ಪಟ್ಟಿಯ ಅಂಕಿಗಳು ಕೆಡುವುದಕ್ಕೆ ಮುಂಚೆಯೇ ವೈದ್ಯರನ್ನು ಕರೆಯಿಸುತ್ತಾಳೆ. ಆ ಅರ್ಧ ಗಂಟೆಯ ಅಂತರದಲ್ಲಿ ಒಂದು ಜೀವವು ಉಳಿದೀತು.

ಬೆನ್ನರರ ಮಾತಿನಲ್ಲಿ ನಮ್ಮ ಅಧಿಕಾರಿಗಳು ಮನನ ಮಾಡಬೇಕಾದ ಅಂಶವು ಇನ್ನೊಂದುಂಟು. ಪರಿಣತಿಯು ವ್ಯಕ್ತಿಯೊಡನೆ ಎಲ್ಲೆಡೆಗೂ ಸಾಗಿಬರುವ ಸೊತ್ತಲ್ಲ. ಕೆಲಸದ ಸನ್ನಿವೇಶಕ್ಕೆ ಅದು ಅಂಟಿಕೊಂಡಿದೆ. ಹೃದ್ರೋಗದ ವಾರ್ಡಿನಲ್ಲಿ ಪರಿಣತಳಾದವಳನ್ನು ಎಳೆಗೂಸುಗಳ ವಾರ್ಡಿಗೆ ಕಳುಹಿಸಿದರೆ, ಅಲ್ಲಿ ಆಕೆಯು ಮತ್ತೆ ನವಶಿಷ್ಯೆಯೇ ಆದಾಳು. ಹೀಗಿರಲು, ದಾದಿಯೆಂದರೆ ದಾದಿ, ಯಾವ ವಾರ್ಡಿಗಾದರೂ ಸೈ ಎಂಬ ಭಾವನೆಯಿಂದ ಮಾಡುವ ವರ್ಗಾವಣೆಗಳು, ವರ್ಷಗಟ್ಟಲೆ ಕೂಡಿಟ್ಟ ಬಂಡವಾಳವನ್ನು ಒಂದೇ ಆಜ್ಞೆಯಿಂದ ನೀರುಪಾಲು ಮಾಡಿದಂತಾಗುವುದಿಲ್ಲವೇ?

ನಮ್ಮ ದೇಶದಲ್ಲಿ ವಿದ್ಯೆಯ ಮೆಟ್ಟಲುಗಳು ಇಲ್ಲವೆಂದಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿದಾಗ 43,000 ಜನರಿಗೆ ಒಬ್ಬ ದಾದಿಯಿದ್ದಳು. ಅದೇ ವರ್ಷ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿ ಶಿಕ್ಷಣವು ಮೊದಲಾಯಿತು. 1947ರ ಕಾಯಿದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಹುಟ್ಟಿತು. ಆ ಕಾಯಿದೆಯ ಬದಲಿಗೆಂದು 2023ರಲ್ಲಿ ಪಾರ್ಲಿಮೆಂಟು ಹೊಸ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ., ಅದರ ಮೇಲೆ ಎಂ.ಎಸ್ಸಿ., ಹೀಗೆ ಏಣಿಯು ನಿಂತಿದೆ. ತೀವ್ರನಿಗಾ ಚಿಕಿತ್ಸೆಯಲ್ಲಿ ಸ್ವತಂತ್ರ ಹೊಣೆಯನ್ನು ಹೊರಬಲ್ಲ ನರ್ಸ್ ಪ್ರಾಕ್ಟೀಷನರುಗಳನ್ನು ತಯಾರಿಸುವ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವನ್ನೂ ಪರಿಷತ್ತು ಏರ್ಪಡಿಸಿತು. 1965ರಲ್ಲಿ ಅಮೇರಿಕೆಯ ಕೊಲೊರಾಡೋ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯರೂ ಕೂಡಿ ನೆಟ್ಟ ಬೀಜವಿದು.

ಆದರೆ ವಿದ್ಯೆಯ ಏಣಿಯು ಬೇರೆ, ಉದ್ಯೋಗದ ಏಣಿಯು ಬೇರೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಬಡ್ತಿಯು ಬಹುಮಟ್ಟಿಗೆ ಸೇವೆಯ ವರ್ಷಗಳನ್ನು ಎಣಿಸಿ ಬರುತ್ತದೆ. ಬಡ್ತಿ ಬಂದೊಡನೆ ಅನುಭವಸ್ಥೆಯು ರೋಗಿಯ ಬಳಿಯಿಂದ ಎದ್ದು ದಾಸ್ತಾನಿನ ಲೆಕ್ಕಕ್ಕೂ ಪಾಳಿಯ ಪಟ್ಟಿಗೂ ಕೈಹಚ್ಚಬೇಕು. ಬಲ್ಲವಳಿಗೆ ಮೇಜು, ಅರಿಯದವಳಿಗೆ ರೋಗಿ ಎಂಬಂತಾಗಿದೆ! ಕೇಂದ್ರ ಸರಕಾರವು 2016ರಲ್ಲಿ ಸ್ಟಾಫ್ ನರ್ಸಿನ ಹೆಸರನ್ನು ನರ್ಸಿಂಗ್ ಆಫೀಸರೆಂದು ಬದಲಾಯಿಸಿತು. ಗೌರವದ ಹೆಸರು ಬೇಡವೆನ್ನುವವರು ನಾವಲ್ಲ. ಆದರೆ ಹೆಸರಿನೊಡನೆ ನಿರ್ಣಯಾಧಿಕಾರವೂ ಬರಬೇಕಷ್ಟೆ.

ಇದೆಲ್ಲ ದಾದಿಯರ ಹೊಟ್ಟೆಪಾಡಿನ ಪ್ರಶ್ನೆ, ನಮಗೇನೆಂದು ಯಾರೂ ಉದಾಸೀನರಾಗಬಾರದು. ಪೆನ್ಸಿಲ್ವೇನಿಯಾ ಪ್ರಾಂತದ 168 ಆಸ್ಪತ್ರೆಗಳನ್ನು ಪರಿಶೀಲಿಸಿದ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ರೋಗಿಯೊಬ್ಬನು ಹೆಚ್ಚಿದಂತೆಲ್ಲ, ಶಸ್ತ್ರಕ್ರಿಯೆಯಾದವರು 30 ದಿನಗಳೊಳಗೆ ಮರಣ ಹೊಂದುವ ಸಂಭವವು ಶೇಕಡಾ 7ರಷ್ಟು ಅಧಿಕವಾಗಿ ಕಂಡುಬಂದಿತು. ಮರುವರ್ಷದ ವರದಿಯಲ್ಲಿ, ಪದವೀಧರ ದಾದಿಯರ ಪ್ರಮಾಣವು ಶೇಕಡಾ 10ರಷ್ಟು ಹೆಚ್ಚಿದ್ದಲ್ಲಿ ಮರಣದ ಸಂಭವವು ಶೇಕಡಾ 5ರಷ್ಟು ಕಡಿಮೆಯಿದ್ದಿತು. ದಾದಿಯ ವಿದ್ಯೆಯು ರೋಗಿಯ ಆಯುಷ್ಯವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕೇ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ರೋಗಿಯ ಬಳಿಯಲ್ಲಿಯೇ ಉಳಿದು ಮೇಲೇರುವ ಮಾರ್ಗವು ತೆರೆಯಬೇಕು. ಇಂಥ ಏಣಿಯನ್ನು ಅಮೇರಿಕೆಯ ಅನೇಕ ಆಸ್ಪತ್ರೆಗಳು ಎಂದೋ ಕಟ್ಟಿಕೊಂಡಿವೆ. ಅಲ್ಲಿ ಪರಿಣತೆಯು ಮೇಜಿಗೆ ಹೋಗದೆಯೇ ಹೆಚ್ಚಿನ ವೇತನವನ್ನೂ ಮಾತಿಗೆ ಹೆಚ್ಚಿನ ತೂಕವನ್ನೂ ಪಡೆಯಬಲ್ಲಳು. ಎರಡನೆಯದಾಗಿ, ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಕೆಲವು ತಿಂಗಳು ಒಬ್ಬ ಅನುಭವಸ್ಥೆಯ ಕೈಕೆಳಗೆ ಇರಿಸಬೇಕು. ಮೊದಲ ವಾರದಲ್ಲಿಯೇ ರಾತ್ರಿಯ ವಾರ್ಡನ್ನು ಏಕಾಂಗಿಯಾಗಿ ಒಪ್ಪಿಸುವ ಪದ್ಧತಿಯು ರೋಗಿಗೂ ಕೇಡು, ದಾದಿಗೂ ಕೇಡು. ಮೂರನೆಯದಾಗಿ, ವಿಶೇಷ ಶಿಕ್ಷಣ ಪಡೆದವರನ್ನು ಆ ವಿಭಾಗದಿಂದ ಕದಲಿಸಬಾರದು. ನಾಲ್ಕನೆಯದು ಮುಂದುವರಿಕೆಯ ಶಿಕ್ಷಣ. ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಲು 150 ಗಂಟೆಗಳ ಕಲಿಕೆಯು ಬೇಕೆಂದು ಪರಿಷತ್ತು ವಿಧಿಸಿತು. ನಿಯಮವು ಉತ್ತಮವೇ. ಆದರೆ ಸಭಾಂಗಣದಲ್ಲಿ ಕುಳಿತು ಸಹಿ ಹಾಕಿ ಪ್ರಮಾಣಪತ್ರವನ್ನು ಒಯ್ಯುವುದು ಕಲಿಕೆಯೆನಿಸದು. ರಜೆಯ ದಿನವನ್ನೂ ಕೈಯ ಹಣವನ್ನೂ ಕಳೆದುಕೊಂಡು ಕಲಿಯೆಂದು ಆಕೆಗೆ ವಿಧಿಸುವುದೂ ನ್ಯಾಯವಲ್ಲ. ಆ ಗಂಟೆಗಳು ಕೆಲಸದ ಗಂಟೆಗಳೆಂದೇ ಎಣಿಕೆಯಾಗಬೇಕು.

ಇದಕ್ಕೆ ಹಣವೆಲ್ಲಿದೆಯೆಂಬ ಆಕ್ಷೇಪಣೆಯು ಬರುವುದು ಸಹಜ. ಖರ್ಚು ತಗಲುವುದು ನಿಜವೇ. ಆದರೆ ಈಗಿನ ರೀತಿಯೇನು ಪುಕ್ಕಟೆಯೇ? ಕರ್ನಾಟಕದ ಕಾಲೇಜುಗಳಲ್ಲಿ ಕಲಿತ ಅದೆಷ್ಟೋ ತರುಣ ತರುಣಿಯರು ಕೊಲ್ಲಿ ರಾಷ್ಟ್ರಗಳಿಗೂ ಇಂಗ್ಲೆಂಡಿಗೂ ತೆರಳುತ್ತಿದ್ದಾರೆ. ವೇತನದ ಆಸೆಯೊಂದೇ ಅವರನ್ನು ಸೆಳೆಯುತ್ತದೆಂದು ತಿಳಿಯುವುದು ತಪ್ಪು. ಕಲಿತದ್ದಕ್ಕೆ ತಕ್ಕ ಸ್ಥಾನವು ಸಿಕ್ಕೀತೆಂಬ ಆಸೆಯೂ ಅದರಲ್ಲಿ ಬೆರೆತಿದೆ. ನಾವು ಕಲಿಸುತ್ತೇವೆ, ಪರರು ಫಲವನ್ನು ಉಣ್ಣುತ್ತಾರೆ. ಈ ನಷ್ಟವನ್ನು ಯಾವ ಮುಂಗಡಪತ್ರವೂ ತೋರಿಸುವುದಿಲ್ಲ.

ಇಂದಲ್ಲ ನಾಳೆ ನಾವೆಲ್ಲರೂ ಆ ಮಂಚದ ಮೇಲೆ ಮಲಗಬೇಕಾದವರೇ. ಆ ರಾತ್ರಿ ಎರಡು ಗಂಟೆಗೆ ನಮ್ಮ ಬಳಿ ನಿಲ್ಲುವವಳು ಅಂಕಿಗಳನ್ನು ಬರೆದು ಹೋಗುವವಳಾಗಿರಬೇಕೋ, ನಮ್ಮ ಮುಖವನ್ನು ಓದಬಲ್ಲವಳಾಗಿರಬೇಕೋ? ಅದು ನಿರ್ಣಯವಾಗುವುದು ಆ ರಾತ್ರಿಯಲ್ಲ, ಇಂದು.