ಬಾಗಿದ ಬೀಸು, ನೆಟ್ಟಗಿನ ಹೊಡೆತ

ಗಾಲ್ಫ್ ಕಲಿಸುವ ಪುಸ್ತಕಗಳಲ್ಲಿ ಒಂದು ಮಾದರಿ ಬೀಸಿನ ಚಿತ್ರ ತಪ್ಪದೆ ಇರುತ್ತದೆ. ಕಾಲುಗಳ ನಡುವಿನ ಅಂತರ, ಕೋಲಿನ ಮೇಲಿನ ಕೈಹಿಡಿತ, ಬೆನ್ನಿನ ಬಾಗು, ಕೋಲು ಹಿಂದಕ್ಕೆ ಏರುವ ಹಾದಿ ಮತ್ತು ಅದು ಇಳಿದು ಬಂದು ಚೆಂಡನ್ನು ತಾಗುವ ರೀತಿ ಎಲ್ಲವೂ ಅಲ್ಲಿ ಅಳೆದಿಟ್ಟಂತೆ ಕಾಣುತ್ತವೆ. ಆದರೆ ಆ ಆಟದ ದೊಡ್ಡ ಪ್ರಶಸ್ತಿಗಳನ್ನು ಗೆದ್ದವರ ಪಟ್ಟಿಯನ್ನು ತೆರೆದು ನೋಡಿದರೆ ಈ ಚಿತ್ರಕ್ಕೆ ಹೊಂದದ ಬೀಸಿನವರು ಪ್ರತಿ ತಲೆಮಾರಿನಲ್ಲೂ ಸಿಗುತ್ತಾರೆ. ಆರ್ನಾಲ್ಡ್ ಪಾಮರ್, ಲೀ ಟ್ರೆವಿನೊ, ಜಿಮ್ ಫ್ಯೂರಿಕ್, ಬಬ್ಬಾ ವಾಟ್ಸನ್ ಮತ್ತು ಈ ಕಾಲದ ಸ್ಕಾಟಿ ಶೆಫ್ಲರ್ ಇವರಲ್ಲಿ ಯಾರೊಬ್ಬರ ಭಂಗಿಯೂ ಪುಸ್ತಕದ ಭಂಗಿಯಲ್ಲ. ಆದರೂ ಒತ್ತಡದ ಗಳಿಗೆಯಲ್ಲಿ ಇವರ ಚೆಂಡು ಬೇಕಾದ ಕಡೆಗೇ ಹೋಗಿದೆ. ಇದು ಹೇಗೆ ಸಾಧ್ಯವಾಗುತ್ತದೆ, ಹವ್ಯಾಸಕ್ಕಾಗಿ ಆಡುವವರು ಇದರಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಕರ್ನಾಟಕದಲ್ಲಿ ಗಾಲ್ಫ್ ಹೊಸ ಆಟವಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಮೈಸೂರು, ಮಡಿಕೇರಿ, ಚಿಕ್ಕಮಗಳೂರುಗಳಲ್ಲಿಯೂ ಅಂಕಣಗಳಿವೆ. ಆದರೆ ದಾವಣಗೆರೆ ಮತ್ತು ಹರಿಹರದ ಸಾಮಾನ್ಯ ಮನೆಗಳ ಮಕ್ಕಳಿಗೆ ಅದು ಟಿ.ವಿ.ಯಲ್ಲಿ ನೋಡುವ ಆಟ. ಅವರು ಬೆಳಿಗ್ಗೆ ಸಂಜೆ ಆಡುವುದು ಕ್ರಿಕೆಟ್, ಅದರಲ್ಲಿಯೂ ಟೆನಿಸ್ ಬಾಲ್ ಕ್ರಿಕೆಟ್. ಹಾಗಿದ್ದೂ ಗಾಲ್ಫ್ ಬೀಸಿನ ಪಾಠ ಈ ಎರಡು ಊರುಗಳಿಗೆ ನೇರವಾಗಿ ಸಲ್ಲುತ್ತದೆ, ಏಕೆಂದರೆ ನಿಂತ ಚೆಂಡನ್ನು ಹೊಡೆಯುವ ಗಾಲ್ಫ್‌ನಲ್ಲಿ ಎದುರಾಳಿಯ ಕೈವಾಡವಿಲ್ಲದೆ ದೇಹದ ಚಲನೆ ಮತ್ತು ಅದರ ಫಲ ಎರಡನ್ನೂ ಬಿಡಿಸಿ ನೋಡಬಹುದು, ಅಲ್ಲಿ ಕಂಡ ನಿಯಮವನ್ನು ಬೌಲಿಂಗಿಗೂ ಬ್ಯಾಟಿಂಗಿಗೂ ಅನ್ವಯಿಸಿ ನೋಡಬಹುದು.

ಚೆಂಡಿಗೆ ಗೊತ್ತಿರುವುದು ಎಷ್ಟು?

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ವ್ಯಾಸ ಕಡಿಮೆಯೆಂದರೆ 42.67 ಮಿಲಿಮೀಟರ್. ಕ್ಲಬ್ ಎಂದು ಕರೆಯುವ ಕೋಲಿನ ತುದಿಯಲ್ಲಿರುವ ಗಟ್ಟಿ ತಲೆ ಈ ಚೆಂಡಿಗೆ ತಗುಲಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ಅತ್ಯಲ್ಪ ಕಾಲದಲ್ಲಿ ಕೆಲವೇ ಸಂಗತಿಗಳು ಚೆಂಡಿನ ಗತಿಯನ್ನು ನಿರ್ಧರಿಸುತ್ತವೆ: ಕ್ಲಬ್ಬಿನ ತಲೆಯ ವೇಗ, ಅದು ಸಾಗುತ್ತಿರುವ ಹಾದಿ, ಅದರ ಮುಖ ತಿರುಗಿರುವ ದಿಕ್ಕು, ಮೇಲಿನಿಂದ ಇಳಿಯುವ ಕೋನ ಮತ್ತು ಮುಖದ ಯಾವ ಭಾಗಕ್ಕೆ ಚೆಂಡು ತಾಗಿತು ಎಂಬುದು. ಚೆಂಡು ಮೊದಲು ಹೊರಡುವ ದಿಕ್ಕಿನಲ್ಲಿ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಪ್ರಭಾವ ಕ್ಲಬ್ಬಿನ ಮುಖದ್ದು. ಹೊರಟ ಮೇಲೆ ಗಾಳಿಯಲ್ಲಿ ಎಡಕ್ಕೋ ಬಲಕ್ಕೋ ಬಾಗುವುದು ಮುಖದ ದಿಕ್ಕಿಗೂ ಕೋಲಿನ ಹಾದಿಗೂ ಇರುವ ವ್ಯತ್ಯಾಸದಿಂದ. ಆಟಗಾರ ಕೋಲನ್ನು ಎಷ್ಟು ಅಂದವಾಗಿ ಎತ್ತಿದ, ಹೊಡೆದ ಮೇಲೆ ಯಾವ ಭಂಗಿಯಲ್ಲಿ ನಿಂತ ಎಂಬುದು ಚೆಂಡಿಗೆ ತಲುಪುವುದೇ ಇಲ್ಲ.

ಹಾಗೆಂದು ತಾಗುವ ಕ್ಷಣಕ್ಕೆ ಮೊದಲು ನಡೆದದ್ದೆಲ್ಲ ವ್ಯರ್ಥವೆಂದು ಭಾವಿಸಬಾರದು. ಮೇಲಿನಿಂದ ಕೋಲು ಇಳಿದು ಚೆಂಡನ್ನು ಮುಟ್ಟಲು ಕಾಲು ಸೆಕೆಂಡಿನಷ್ಟೇ ಸಾಕಾಗುವುದರಿಂದ, ನಡುವೆ ತಪ್ಪು ಕಂಡು ತಿದ್ದಿಕೊಳ್ಳುವಷ್ಟು ಬಿಡುವು ಮಿದುಳಿಗೆ ಸಿಗುವುದಿಲ್ಲ. ಆದ್ದರಿಂದ ಬೀಸು ಪ್ರತಿ ಸಲವೂ ತಾನಾಗಿಯೇ ಸರಿಯಾದ ಜಾಗಕ್ಕೆ ಬರುವಂತೆ ಮೊದಲೇ ಕಟ್ಟಿಕೊಂಡಿರಬೇಕು. ಅದರ ಬಲವೂ ಒಂದು ಕ್ರಮದಲ್ಲಿ ಹರಿಯುತ್ತದೆ. ಮೊದಲು ಸೊಂಟ, ಅನಂತರ ಎದೆ ಮತ್ತು ಭುಜ, ಆಮೇಲೆ ತೋಳು, ಕಡೆಗೆ ಕೋಲಿನ ತುದಿ ವೇಗ ಪಡೆಯುತ್ತವೆ. ರೈತನ ಬಾರುಕೋಲಿನಲ್ಲಿ ಹಿಡಿಯು ನಿಧಾನವಾದಾಗ ತುದಿಯ ಬಾರು ರಭಸದಿಂದ ಮುನ್ನುಗ್ಗುವಂತೆ, ಹಿಂದಿನ ಅಂಗ ತಡೆದು ನಿಂತಾಗ ಮುಂದಿನ ಅಂಗ ಅದರ ವೇಗವನ್ನು ತೆಗೆದುಕೊಳ್ಳುತ್ತದೆ. ವಿಲಕ್ಷಣ ಬೀಸಿನ ಯಶಸ್ವಿ ಆಟಗಾರರು ಈ ಕ್ರಮವನ್ನೂ ತಾಗುವ ಕ್ಷಣದ ಲೆಕ್ಕವನ್ನೂ ಮುರಿದಿಲ್ಲ. ಅವರು ಬದಲಿಸಿದ್ದು ಅಲ್ಲಿಗೆ ತಲುಪುವ ದಾರಿಯನ್ನು.

ಒಬ್ಬೊಬ್ಬರ ಒಂದೊಂದು ದಾರಿ

ಜಿಮ್ ಫ್ಯೂರಿಕ್‌ನ ಬೀಸನ್ನು ನಿಧಾನಗತಿಯ ಚಿತ್ರದಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವನು ಕೋಲನ್ನು ದೇಹದಿಂದ ದೂರಕ್ಕೆ, ಬಹಳ ನೆಟ್ಟಗೆ ಎತ್ತುತ್ತಾನೆ. ಬಲ ಮೊಣಕೈ ಹೊರಕ್ಕೆ ಚಾಚಿಕೊಳ್ಳುತ್ತದೆ, ಕೈಗಳು ತಲೆಯ ಮೇಲಕ್ಕೆ ಹೋಗುತ್ತವೆ. ಇದೇ ಹಾದಿಯಲ್ಲಿ ಕೋಲು ಇಳಿದರೆ ಚೆಂಡನ್ನು ಅಡ್ಡವಾಗಿ ಕೊಯ್ದಂತಾಗುತ್ತದೆ. ಆದರೆ ಇಳಿಯುವ ಆರಂಭದಲ್ಲಿಯೇ ಕೋಲು ಅವನ ಬೆನ್ನ ಹಿಂದಕ್ಕೆ ಒಂದು ಕುಣಿಕೆಯಂತೆ ಸುತ್ತಿ ಬೀಳುತ್ತದೆ, ಹೊರಗಿದ್ದ ಮೊಣಕೈ ಪಕ್ಕೆಗೆ ಬಂದು ಸೇರುತ್ತದೆ, ಸೊಂಟ ಗುರಿಯ ಕಡೆಗೆ ಪೂರ್ತಿಯಾಗಿ ತಿರುಗುತ್ತದೆ. ಚೆಂಡನ್ನು ತಾಗುವ ಹೊತ್ತಿಗೆ ಅವನ ಮಣಿಕಟ್ಟು, ಸೊಂಟ ಮತ್ತು ಕ್ಲಬ್ಬಿನ ಮುಖ ಪಠ್ಯಪುಸ್ತಕದವರದ್ದಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ಅವನಿಗೆ ಆಟ ಕಲಿಸಿದ ತಂದೆ ಮೈಕ್ ಫ್ಯೂರಿಕ್ ಈ ಕುಣಿಕೆಯನ್ನು ತಿದ್ದಲು ಹೋಗದೆ ಹಾಗೆಯೇ ಬೆಳೆಯಲು ಬಿಟ್ಟರು. ಅದೇ ಬೀಸಿನಿಂದ ಅವನು 2003ರಲ್ಲಿ ಯು.ಎಸ್. ಓಪನ್ ಗೆದ್ದ, 2016ರಲ್ಲಿ ಟ್ರಾವೆಲರ್ಸ್ ಚಾಂಪಿಯನ್‌ಶಿಪ್‌ನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದ, ಪಿ.ಜಿ.ಎ. ಟೂರ್‌ನ ಇತಿಹಾಸದಲ್ಲಿ ಅದಕ್ಕಿಂತ ಕಡಿಮೆ ಹೊಡೆತಗಳ ಸುತ್ತು ಇಲ್ಲ.

ಆರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಲೀ ಟ್ರೆವಿನೊ ದೇಹವನ್ನು ಗುರಿಯ ಎಡಕ್ಕೆ ತಿರುಗಿಸಿ ನಿಲ್ಲುತ್ತಿದ್ದ, ಕೋಲಿನ ಮುಖ ಬೇಗ ಮುಚ್ಚಿಕೊಳ್ಳದಂತೆ ಸೊಂಟವನ್ನು ಮುಂದೆ ಸಾಗಿಸುತ್ತಿದ್ದ. ಚೆಂಡು ಎಡದಿಂದ ಹೊರಟು ಬಲಕ್ಕೆ ಮೆಲ್ಲನೆ ಬಾಗಿ ಗುರಿಗೆ ಇಳಿಯುತ್ತಿತ್ತು. ಆಟದ ಭಾಷೆಯಲ್ಲಿ ಫೇಡ್ ಎನ್ನುವ ಈ ಹೊಡೆತ ಅವನಿಗೆ ಎಷ್ಟು ಕರಗತವಾಗಿತ್ತೆಂದರೆ ಮೈದಾನದ ಒಂದು ಬದಿಯ ಅಪಾಯವನ್ನು ಅವನು ಲೆಕ್ಕದಿಂದಲೇ ಬಿಟ್ಟುಬಿಡಬಹುದಾಗಿತ್ತು. ಕೆನಡಾದ ಮೋ ನಾರ್ಮನ್ ಇದಕ್ಕೆ ವಿರುದ್ಧವಾಗಿ ಚಲನೆಯನ್ನೇ ಕಡಿತಗೊಳಿಸಿದ. ಕಾಲುಗಳನ್ನು ಅಗಲಿಸಿ, ತೋಳು ಮತ್ತು ಕೋಲು ಒಂದೇ ನೇರದಲ್ಲಿರುವಂತೆ ಮೊದಲೇ ನಿಂತು, ತಾಗುವಾಗಲೂ ಅದೇ ಸ್ಥಿತಿಗೆ ಮರಳುತ್ತಿದ್ದುದರಿಂದ ತಪ್ಪಲು ಅವಕಾಶವಿದ್ದ ಕೀಲುಗಳೇ ಕಡಿಮೆಯಾದವು, ಅವನ ನೇರ ಹೊಡೆತ ಸಮಕಾಲೀನ ಆಟಗಾರರಲ್ಲಿ ಮನೆಮಾತಾಯಿತು. ವಿಶ್ವದ ಅಗ್ರಶ್ರೇಯಾಂಕಕ್ಕೇರಿದ ಶೆಫ್ಲರ್‌ನ ಪಾದಗಳು ಹೊಡೆಯುವಾಗ ನೆಲದ ಮೇಲೆ ಜಾರುತ್ತವೆ. ನೋಡುವವರಿಗೆ ಸಮತೋಲ ತಪ್ಪಿದಂತೆ ಕಂಡರೂ ಸೊಂಟಕ್ಕೆ ಅಡೆತಡೆಯಿಲ್ಲದೆ ತಿರುಗಲು ಆ ಜಾರುವಿಕೆ ಎಡೆ ಮಾಡಿಕೊಡುತ್ತದೆ.

ದೇಹದ ಕೊರತೆಯೇ ಶೈಲಿಯಾದಾಗ

ವಿಲಕ್ಷಣ ಶೈಲಿ ಹಲವು ಸಲ ಆಯ್ಕೆಯಾಗಿರದೆ ಅನಿವಾರ್ಯವಾಗಿರುತ್ತದೆ. ದಕ್ಷಿಣ ಕೊರಿಯಾದ ಚೋಯ್ ಹೊ ಸಂಗ್ ಕೆಲಸದ ಜಾಗದ ಅಪಘಾತದಲ್ಲಿ ಬಲ ಹೆಬ್ಬೆರಳಿನ ತುದಿಯನ್ನು ಕಳೆದುಕೊಂಡಿದ್ದ. ಇಪ್ಪತ್ತರ ಹರೆಯದ ನಡುವಿನಲ್ಲಿ ಗಾಲ್ಫ್ ಅಂಕಣವೊಂದರಲ್ಲಿ ಕೆಲಸಕ್ಕಿದ್ದಾಗ ತಾನೇ ಆಟ ಕಲಿತ. ವಯಸ್ಸಾಗುತ್ತ ಹೊಡೆತದ ದೂರ ಕುಗ್ಗತೊಡಗಿದಾಗ ಹೊಡೆದ ಮೇಲೆ ಒಂದು ಕಾಲೆತ್ತಿ ಸುತ್ತಿಬಿಡುವ ಬೀಸನ್ನು ರೂಢಿಸಿಕೊಂಡು, 2018ರಲ್ಲಿ 45ರ ವಯಸ್ಸಿನಲ್ಲಿ ಜಪಾನಿನ ಕ್ಯಾಸಿಯೊ ವರ್ಲ್ಡ್ ಓಪನ್ ಗೆದ್ದ.

ಈ ಮಾತನ್ನು ಕನ್ನಡಿಗರಿಗೆ ವಿವರಿಸಲು ಕೊರಿಯಾದವರೆಗೆ ಹೋಗಬೇಕಾಗಿಯೂ ಇಲ್ಲ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕ್ರಿಕೆಟ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದ ಪೋಲಿಯೊದಿಂದ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಅವರು ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು, ಆದರೆ ಬೌಲಿಂಗ್ ಮಾಡಿದ್ದು ಅದೇ ಸೊರಗಿದ ಬಲಗೈಯಿಂದ. ಲೆಗ್ ಸ್ಪಿನ್ನರ್‌ಗಳು ಸಾಮಾನ್ಯವಾಗಿ ಚೆಂಡನ್ನು ಗಾಳಿಯಲ್ಲಿ ತೇಲಿಸಿ ನಿಧಾನವಾಗಿ ಹಾಕಿದರೆ, ಇವರ ಚೆಂಡು ಮಧ್ಯಮ ವೇಗದ ಬೌಲರ್‌ನ ಚೆಂಡಿನ ಹಾಗೆ ಬಿರುಸಾಗಿ ಬರುತ್ತಿತ್ತು. ಲೆಗ್ ಸ್ಪಿನ್‌ನ ಹಾಗೆಯೇ ಕೈಯಿಂದ ಹೊರಟು ಎದುರು ದಿಕ್ಕಿಗೆ ತಿರುಗುವ ಗೂಗ್ಲಿಯೂ ಅದೇ ವೇಗದಲ್ಲಿ ಬರುತ್ತಿದ್ದುದರಿಂದ, ಚೆಂಡು ನೆಲಕ್ಕೆ ತಾಗಿದ ಮೇಲೆ ಬ್ಯಾಟ್ಸ್‌ಮನ್‌ಗೆ ಯೋಚಿಸುವ ಸಮಯ ಉಳಿಯುತ್ತಿರಲಿಲ್ಲ. 1971ರ ಆಗಸ್ಟಿನಲ್ಲಿ ಓವಲ್ ಅಂಗಣದಲ್ಲಿ ಅವರು 38 ರನ್‌ಗಳಿಗೆ 6 ವಿಕೆಟ್ ಪಡೆದಾಗ ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಮತ್ತು ಮೊದಲ ಸರಣಿ ಎರಡನ್ನೂ ಗೆದ್ದಿತು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದ ಆ ಕೈಯನ್ನು ಎಳವೆಯಲ್ಲಿಯೇ ಯಾರಾದರೂ ಬೌಲಿಂಗಿಗೆ ತಕ್ಕುದಲ್ಲವೆಂದು ಕೂರಿಸಿದ್ದರೆ ಆಗುತ್ತಿದ್ದ ನಷ್ಟವನ್ನು ಊಹಿಸುವುದು ಕಷ್ಟವಲ್ಲ.

ಕೊಡಲಿ, ಸುತ್ತಿಗೆ, ಬ್ಯಾಟು, ಕೋಲು ಯಾವುದೇ ಇರಲಿ, ದಾರಿ ಬದಲಾದರೂ ಗುರಿ ತಪ್ಪದಿರುವುದೇ ನುರಿತ ಕೈಯ ಗುಣ ಎಂಬುದಕ್ಕೆ ವಿಜ್ಞಾನದ ಆಧಾರವೂ ಇದೆ. ರಷ್ಯದ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ ಉಳಿಯ ಮೇಲೆ ಸುತ್ತಿಗೆ ಹೊಡೆಯುವ ಕಾರ್ಮಿಕರ ಚಲನೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದಾಗ, ನುರಿತ ಕೆಲಸಗಾರನ ಭುಜ, ಮೊಣಕೈ, ಮಣಿಕಟ್ಟುಗಳು ಒಂದು ಏಟಿನಿಂದ ಇನ್ನೊಂದು ಏಟಿಗೆ ತುಸು ಬದಲಾಗುತ್ತಿದ್ದರೂ ಸುತ್ತಿಗೆಯ ತುದಿ ಮಾತ್ರ ಒಂದೇ ಜಾಗಕ್ಕೆ ಬೀಳುವುದು ಕಂಡುಬಂತು. ಒಂದು ಕೀಲು ಮಾಡಿದ ಸಣ್ಣ ತಪ್ಪನ್ನು ಇನ್ನೊಂದು ಕೀಲು ಸರಿದೂಗಿಸುತ್ತಿತ್ತು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ಹೆಸರಾಗಿದ್ದ ಹರಿಹರದಂಥ ಊರಿನಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ಕೆಲಸಗಾರನನ್ನು ಅಳೆಯುವುದು ಅವನು ನಿಂತ ಭಂಗಿಯಿಂದಲ್ಲ, ಅವನ ಕೈಯಿಂದ ಹೊರಬಂದ ಬಿಡಿಭಾಗದ ಅಳತೆಯಿಂದ.

ಹವ್ಯಾಸಿಗಳು ಕಲಿಯಬೇಕಾದದ್ದು

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು. ಫ್ಯೂರಿಕ್‌ನ ಕುಣಿಕೆಯನ್ನೋ ಚೋಯ್‌ನ ಸುತ್ತುವಿಕೆಯನ್ನೋ ನಕಲು ಮಾಡಿದವರಿಗೆ ಅವರ ಹೊರಗಿನ ವೈಚಿತ್ರ್ಯ ಸಿಗುತ್ತದೆಯೇ ಹೊರತು ಅದನ್ನು ಸರಿದೂಗಿಸುವ ಒಳಗಿನ ಚಲನೆ ಸಿಗುವುದಿಲ್ಲ. ಆ ಹೊಂದಾಣಿಕೆ ವರ್ಷಗಟ್ಟಲೆ ಹೊಡೆದ ಲಕ್ಷಾಂತರ ಹೊಡೆತಗಳಲ್ಲಿ ಅವರ ಮೈಗೆ ಹತ್ತಿದ್ದು. ವಾರಕ್ಕೊಮ್ಮೆ ಆಡುವವರು ಅದನ್ನು ಅನುಕರಿಸಿದರೆ ಚೆಂಡು ದಿಕ್ಕು ತಪ್ಪುವುದರ ಜೊತೆಗೆ, ಗಾಲ್ಫ್ ಆಡುವವರನ್ನು ಅತಿಯಾಗಿ ಕಾಡುವ ಸೊಂಟನೋವನ್ನೂ ಬರಿಸಿಕೊಂಡಾರು. ಆದ್ದರಿಂದ ತೆಗೆದುಕೊಳ್ಳಬೇಕಾದದ್ದು ಅವರ ಭಂಗಿಯನ್ನಲ್ಲ, ಅವರು ಭಂಗಿಯನ್ನು ಪರೀಕ್ಷಿಸಿದ ಬಗೆಯನ್ನು.

ಪರೀಕ್ಷೆಗೆ ದುಬಾರಿ ಯಂತ್ರಗಳೇನೂ ಬೇಕಾಗಿಲ್ಲ. ಕ್ಲಬ್ಬಿನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ ಹತ್ತು ಚೆಂಡು ಹೊಡೆದರೆ ತಾಗಿದ ಜಾಗ ಗುರುತಾಗಿ ಉಳಿಯುತ್ತದೆ. ಗುರುತುಗಳು ಮುಖದ ನಡುವೆ ಒತ್ತಾಗಿದ್ದರೆ ಬೀಸು ಹೇಗೇ ಕಾಣಲಿ ಅದನ್ನು ಮುಟ್ಟಬೇಕಾದ ಅಗತ್ಯವಿಲ್ಲ, ಚದುರಿದ್ದರೆ ತಿದ್ದುವ ಕೆಲಸವಿದೆ. ನೆಲದ ಮೇಲೆ ಸುಣ್ಣದ ಗೆರೆಯೆಳೆದು, ಆ ಗೆರೆಯ ಮೇಲೆ ಚೆಂಡಿದೆಯೆಂದು ಭಾವಿಸಿ ಲೋಹದ ತಲೆಯ ಐರನ್ ಕ್ಲಬ್ಬನ್ನು ಬೀಸಿದಾಗ, ಕೋಲು ಮಣ್ಣನ್ನು ಕೆರೆಯುವ ಜಾಗ ಗೆರೆಯಿಂದ ಗುರಿಯ ಕಡೆಗೆ ಬರಬೇಕು. ಹಿಂದೆ ಕೆರೆದರೆ ಕೋಲು ಚೆಂಡಿಗಿಂತ ಮೊದಲು ನೆಲಕ್ಕೆ ತಾಗುತ್ತಿದೆ ಎಂದೇ ಅರ್ಥ. ಮೊಬೈಲಿನಲ್ಲಿ ಬೀಸಿನ ಚಿತ್ರ ತೆಗೆಯುವವರೂ ಮೊದಲು ನೋಡಬೇಕಾದದ್ದು ತಾಗುವ ಕ್ಷಣವನ್ನು, ಆಮೇಲೆ ಉಳಿದದ್ದನ್ನು. ಹಾಗೆಯೇ ಚೆಂಡು ಪ್ರತಿ ಸಲ ಒಂದೇ ಕಡೆಗೆ ತುಸು ಬಾಗುತ್ತಿದ್ದರೆ ಟ್ರೆವಿನೊನಂತೆ ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡು ಗುರಿ ಹಿಡಿಯುವುದು, ನೇರ ಹೊಡೆತದ ಹಂಬಲದಲ್ಲಿ ಇರುವುದನ್ನೂ ಕಳೆದುಕೊಳ್ಳುವುದಕ್ಕಿಂತ ಮೇಲು.

ದೂರವೊಂದೇ ಆಟವಲ್ಲ ಎಂಬುದನ್ನು ಬೆಂಗಳೂರಿನ ಅದಿತಿ ಅಶೋಕ್ ತೋರಿಸಿಕೊಟ್ಟಿದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಮೊದಲ ಹೊಡೆತಗಳು ಎದುರಾಳಿಗಳದಕ್ಕಿಂತ ಬಹಳ ಹಿಂದೆ ಬೀಳುತ್ತಿದ್ದವು. ಆದರೂ ಹಸಿರು ಹಾಸಿನ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವ ಪಟಿಂಗ್ ಕೌಶಲದಿಂದ ನಾಲ್ಕನೆಯ ಸ್ಥಾನಕ್ಕೇರಿದರು, ಪದಕ ಒಂದೇ ಹೊಡೆತದ ಅಂತರದಲ್ಲಿ ತಪ್ಪಿತು. ತನ್ನ ದೇಹಕ್ಕೆ ಸಿಗುವಷ್ಟು ಬಲವನ್ನು ಒಪ್ಪಿಕೊಂಡು ಉಳಿದದ್ದನ್ನು ಕೌಶಲದಿಂದ ತುಂಬಿಕೊಳ್ಳುವ ಈ ವಿವೇಕ ಹವ್ಯಾಸಿಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು.

ದಾವಣಗೆರೆಯ ಮೈದಾನಕ್ಕೆ ಸಲ್ಲುವ ಮಾತು

ಶಾಸ್ತ್ರೀಯ ಶೈಲಿಯನ್ನು ಇದರಿಂದ ಕೀಳಾಗಿ ಕಾಣಬೇಕಾಗಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ಆರ್. ವಿನಯ್ ಕುಮಾರ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದದ್ದು, ನಾಯಕರಾಗಿ 2013–14 ಮತ್ತು 2014–15ರಲ್ಲಿ ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿಗಳನ್ನು ತಂದುಕೊಟ್ಟದ್ದು ವಿಚಿತ್ರ ಶೈಲಿಯಿಂದಲ್ಲ, ವಿಪರೀತ ವೇಗದಿಂದಲೂ ಅಲ್ಲ. ಚೆಂಡನ್ನು ಬೇಕಾದ ಜಾಗದಲ್ಲಿ ಮತ್ತೆ ಮತ್ತೆ ಇಳಿಸುವ ಹಿಡಿತದಿಂದ. ಬಹುಪಾಲು ಕಲಿಯುವವರಿಗೆ ಪಠ್ಯಪುಸ್ತಕದ ದಾರಿಯೇ ಹತ್ತಿರದ ದಾರಿ, ಏಕೆಂದರೆ ಅದರಲ್ಲಿ ಸರಿದೂಗಿಸಬೇಕಾದ ತಿರುವುಗಳು ಕಡಿಮೆ. ಆದರೆ ಹತ್ತಿರದ ದಾರಿಯೇ ಏಕೈಕ ದಾರಿಯಲ್ಲ ಎಂಬುದನ್ನು ಚಂದ್ರಶೇಖರ್ ಅವರೂ, ತನ್ನ ಅಪರೂಪದ ಶೈಲಿಯನ್ನು ಉಳಿಸಿಕೊಂಡೇ ಬೆಳೆದ ವೇಗದ ಬೌಲರ್ ಜಸ್‌ಪ್ರೀತ್ ಬುಮ್ರಾ ಅವರೂ ತೋರಿಸಿದ್ದಾರೆ.

ಟೆನಿಸ್ ಬಾಲಿನಲ್ಲಿ ಆಡಿ ಬೆಳೆದ ಹುಡುಗ ಹುಡುಗಿಯರು ಲೆದರ್ ಬಾಲಿನ ನೆಟ್ಸ್‌ಗೆ ಬಂದಾಗ ಅವರ ಕೈಕಾಲುಗಳಲ್ಲಿ ಇಂಥ ಸ್ವಂತದ ದಾರಿಗಳು ಇರುವುದು ಸಹಜ. ಆಗ ದೈಹಿಕ ಶಿಕ್ಷಣದ ಮೇಷ್ಟ್ರುಗಳೂ ತರಬೇತುದಾರರೂ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಈ ಚಲನೆ ನಿಯಮಕ್ಕೆ ಒಳಪಟ್ಟಿದೆಯೇ, ಅಂದರೆ ಬೌಲಿಂಗ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುತ್ತಿಲ್ಲವಷ್ಟೆ? ಇದರಿಂದ ಬೆನ್ನಿಗೋ ಭುಜಕ್ಕೋ ಮೊಣಕಾಲಿಗೋ ಪೆಟ್ಟಾಗುವ ಸಂಭವವಿದೆಯೇ? ಪಿಚ್ಚಿನ ಮೇಲೆ ಕರವಸ್ತ್ರವೊಂದನ್ನು ಹಾಸಿ ಹಲವು ದಿನಗಳ ಕಾಲ ಲೆಕ್ಕ ಹಾಕಿದರೆ, ಚೆಂಡು ಅದರ ಮೇಲೆ ಬೀಳುವುದು ಹೆಚ್ಚುತ್ತಿದೆಯೇ? ಮೊದಲ ಎರಡರಲ್ಲಿ ತೊಂದರೆ ಕಂಡರೆ ತಡಮಾಡದೆ ತಿದ್ದಬೇಕು. ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಆ ಶೈಲಿಯನ್ನು ಕೆಡಿಸದೆ ಅದನ್ನೇ ಗಟ್ಟಿಗೊಳಿಸಬೇಕು. ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವಿನ ಕೈಯನ್ನು ಬದಲಿಸುವ ಹಕ್ಕು ಯಾವ ತರಬೇತಿಗೂ ಇಲ್ಲ.