ಸುಮ್ಮನಿರುವ ಯಂತ್ರವೂ ಉಣ್ಣುವುದು

ಭದ್ರಾವತಿಯ ಜನ್ನಾಪುರದ ಮನೆಯೊಂದರಲ್ಲಿ ರಿಮೋಟಿನ ಗುಂಡಿಯನ್ನೊತ್ತಿ ಟೆಲಿವಿಷನ್ನನ್ನೂ ಸೆಟ್‌ಟಾಪ್ ಪೆಟ್ಟಿಗೆಯನ್ನೂ ಆರಿಸಿದರೆನ್ನೋಣ. ಪರದೆ ಕಪ್ಪಾಗುವುದು, ಪೆಟ್ಟಿಗೆಯ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುವುದು. ಗಂಟೆಗಳ ಬಳಿಕ ಮುಟ್ಟಿ ನೋಡಿದರೂ ಪೆಟ್ಟಿಗೆ ಬೆಚ್ಚಗಿರುವುದು. ಈ ಶಾಖ ಬಂದುದೆಲ್ಲಿಂದ?

ರಿಮೋಟು ವಿದ್ಯುತ್ತಿನ ದಾರಿಯನ್ನು ಕಡಿಯುವುದಿಲ್ಲ. ಅದರ ಮುಂದಿನ ಅಪ್ಪಣೆಗಾಗಿ ಒಳಗಿನ ವಿದ್ಯುನ್ಮಂಡಲಗಳು ಎಚ್ಚರವಾಗಿರಬೇಕು. ಹಲವು ಪೆಟ್ಟಿಗೆಗಳು ಹೀಗೆ ಕಾಯುವಾಗಲೂ ಹೆಚ್ಚುಕಡಮೆ ದುಡಿಯುವಾಗಿನಷ್ಟೇ ವಿದ್ಯುತ್ತನ್ನು ಬಳಸುತ್ತವೆ. ಅದು 10 ವಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 20 ಗಂಟೆ ಕಾದರೆ 200 ವಾಟ್-ಗಂಟೆ. ವರ್ಷಕ್ಕೆ 73 ಯೂನಿಟ್.

ಇದು ಅಲ್ಪವೆ? ನಮ್ಮ ಜಿಲ್ಲೆಯ ಶರಾವತಿಯಿಂದಲೇ ಅಳೆದು ನೋಡೋಣ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ಒಂದು ಲೀಟರ್ ನೀರು ಕೊಡಬಲ್ಲ ಶಕ್ತಿ ಸುಮಾರು 2,480 ಜೂಲ್. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್. ಆದುದರಿಂದ, ಯಾವ ನಷ್ಟವೂ ಇಲ್ಲವೆಂದರೂ, ಆ 73 ಯೂನಿಟ್ಟಿಗಾಗಿ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಧುಮುಕಬೇಕು!

ಕಾಯುವ ಉಪಕರಣಕ್ಕೆ 1 ವಾಟ್ ಸಾಕೆಂಬ ಗುರಿಯನ್ನು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು 1999ರಲ್ಲಿಯೇ ಮುಂದಿಟ್ಟಿತು. ಹಳೆಯ ಪೆಟ್ಟಿಗೆಯುಳ್ಳವರು ಗೋಡೆಯ ಸ್ವಿಚ್ಚನ್ನೇ ಆರಿಸುವುದು ಲೇಸು. ಮತ್ತೆ ಚಿತ್ರ ಮೂಡಲು ಕೆಲವು ನಿಮಿಷ ತಡವಾದೀತು. ಅಷ್ಟು ಹೊತ್ತು ನಾವು ಕಾದರೆ ನಷ್ಟವೇನೂ ಇಲ್ಲ.